ಮಾಡು ತೆಗೆಯುವ ಕಾರಿಗೆ ಲಕ್ಷ ಲಕ್ಷ! ನಮ್ಮ ಕೊಟ್ಟಿಗೆಯದಕ್ಕೆ ಕಿಲೋ ಲೆಕ್ಕವೇ?

ಹರಿಹರಪುರ: ಮಳೆಗಾಲ ಬಂತೆಂದರೆ ಹೆಂಚಿನ ಮಾಡೇ ಸೋರುವ ಸೀಮೆ ನಮ್ಮದು. ಇಲ್ಲಿಂದ ಆಗುಂಬೆ ಬಹಳ ದೂರವೇನಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುತ್ತದೆ. ಇಂಥ ಕಡೆ ಕೂತು, ಮಾಡು ಮಡಚಿಟ್ಟು ಓಡಿಸುವ ಕಾರಿನ ಸುದ್ದಿ ಬರೆಯೋದೆಂದರೆ, ಶ್ರಾವಣದಲ್ಲಿ ಕೊಡೆ ಅಂಗಡಿ ಎದುರು ಬಿಸಿಲು ಕನ್ನಡಕ ಮಾರಿದ ಹಾಗೆ ಅಂತ ನೀವು ನಗಬಹುದು. ನಗಿ, ತೊಂದರೆಯಿಲ್ಲ. ಆದರೆ ಇದನ್ನು ಪೂರ್ತಿ ಓದಿ ಮುಗಿಸಿದ ಮೇಲೆ ಮನೆಯ ಹಿಂದಿನ ಕೊಟ್ಟಿಗೆಗೆ ಒಂದು ಸಲ ಹೋಗಿ ಬನ್ನಿ. ಮೂಲೆಯಲ್ಲಿ ದರಗು ಮುಚ್ಚಿಕೊಂಡು, ಕೋಳಿ ಮೊಟ್ಟೆ ಇಡುವ ಜಾಗವಾಗಿ ಅಜ್ಜನ ಕಾಲದ ಕಾರೇನಾದರೂ ಬಿದ್ದಿದ್ದರೆ, ಗುಜರಿಯವನನ್ನು ಕರೆಯುವ ಮುಂಚೆ ಎರಡು ನಿಮಿಷ ನಿಲ್ಲಿ.

ಯಾಕೆಂದರೆ ದೊಡ್ಡ ಯುದ್ಧ ಮುಗಿದ ಮೇಲೆ ಅಮೆರಿಕದವರು ಮಾಡಿದ ಐಷಾರಾಮಿ ಓಪನ್ ಕಾರುಗಳನ್ನು ಇವತ್ತು ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಿದ್ದಾರೆ. ಕಳಚಿ, ತೊಳೆದು, ಬೆಸೆದು, ಹೊಸದರ ಹಾಗೆ ಮಾಡಿ ನಿಲ್ಲಿಸಿದ ಗಾಡಿಗಳು ಅಮೆರಿಕದ ಹರಾಜುಗಳಲ್ಲಿ ಅರ್ಧ ಲಕ್ಷ ಡಾಲರ್ ದಾಟುವುದು ಹೊಸ ಸಂಗತಿಯಲ್ಲ. ಅದೇ ಕಾಲದ, ಅದೇ ದೇಶದ, ಅದೇ ಮನೆತನದ ಕಾರುಗಳು ನಮ್ಮ ಮಲೆನಾಡಿನಲ್ಲೂ ಓಡಿದವು. ಅವುಗಳಲ್ಲಿ ಹೆಚ್ಚಿನವು ಕಬ್ಬಿಣದ ತೂಕಕ್ಕೆ ಹೋದವು. ಈ ವ್ಯತ್ಯಾಸಕ್ಕೆ ಕಾರಣ ಏನು? ಅದೃಷ್ಟ ಅಂತ ಹೇಳಿ ಕೈ ತೊಳೆದುಕೊಳ್ಳೋ ಹಾಗಿಲ್ಲ ಮಾರಾಯ್ರೆ. ಕಾರಣ ಎಂಜಿನ್ನಿನ ಮೇಲೆ ಹೊಡೆದ ಒಂದು ನಂಬರಿನಲ್ಲಿದೆ, ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿದ ಒಂದು ಪುಸ್ತಕದಲ್ಲಿದೆ.

ಯಾವುದೀ ಕಾರು?

ಉದಾಹರಣೆಗೆ ಒಂದನ್ನೇ ತಗೊಳ್ಳೋಣ. 1947ರ ಕ್ಯಾಡಿಲಾಕ್, ಸೀರೀಸ್ 62, ಓಪನ್ ಮಾದರಿ. ಡೆಟ್ರಾಯಿಟ್ ಊರಿನ ಸರಕು. ಜನರಲ್ ಮೋಟಾರ್ಸ್ ಕಂಪನಿಯ ಕಾರುಗಳಲ್ಲೆಲ್ಲ ದೊಡ್ಡ ಗೌಡಿಕೆ ಇದರದ್ದು. ಬಾಗಿಲು ಎರಡೇ, ಉದ್ದ ಮಾತ್ರ 18 ಅಡಿಗೂ ಜಾಸ್ತಿ. ತೂಕ ಸುಮಾರು 2 ಟನ್ನು. ಮುಂದುಗಡೆ ಫಳಫಳ ಹೊಳೆಯುವ ಕ್ರೋಮಿನ ಜಾಲರಿ, ಕೆಳಗೆ ಬಿಳಿ ಪಟ್ಟಿಯ ಟೈರು. ಬಾನೆಟ್ಟಿನ ಕೆಳಗೆ 5.7 ಲೀಟರಿನ ವಿ-8 ಎಂಜಿನ್, 150 ಕುದುರೆ ಶಕ್ತಿ. ನಮ್ಮ ಮಾರುತಿ 800ರ ಎಂಜಿನ್ನುಗಳನ್ನು ಏಳು ಸೇರಿಸಿದರೆ ಇದೊಂದು ಆಗುತ್ತದೆ! ಪೆಟ್ರೋಲು? ಲೀಟರಿಗೆ ಐದಾರು ಕಿಲೋಮೀಟರ್ ಕೊಟ್ಟರೆ ಪುಣ್ಯ.

ಗೇರು ಹಾಕುವ ಕಷ್ಟವಿಲ್ಲ. ಹೈಡ್ರಾಮ್ಯಾಟಿಕ್ ಎಂಬ ತಾನೇ ತಾನಾಗಿ ಬದಲಾಗುವ ಗೇರುಪೆಟ್ಟಿಗೆ ಆಗಲೇ ಇದರಲ್ಲಿತ್ತು. ಈ ಪೆಟ್ಟಿಗೆಗೆ ಒಂದು ಯುದ್ಧದ ಕತೆ ಇದೆ. ಅಮೆರಿಕ ಯುದ್ಧಕ್ಕೆ ಇಳಿದಾಗ, 1942ರ ಫೆಬ್ರವರಿಯಲ್ಲಿ ಅಲ್ಲಿನ ಕಾರ್ಖಾನೆಗಳು ಜನರ ಕಾರು ಮಾಡುವುದನ್ನೇ ನಿಲ್ಲಿಸಿದವು. ಕ್ಯಾಡಿಲಾಕ್ ಕಾರ್ಖಾನೆಯಲ್ಲಿ ಟ್ಯಾಂಕುಗಳು ತಯಾರಾದವು. ಎಂ-5 ಸ್ಟುವರ್ಟ್, ಎಂ-24 ಚಾಫೀ ಎಂಬ ಆ ಟ್ಯಾಂಕುಗಳಲ್ಲಿ ಒಂದೊಂದಕ್ಕೆ ಎರಡೆರಡು ಕ್ಯಾಡಿಲಾಕ್ ಎಂಜಿನ್ನು, ಜೊತೆಗೆ ಇದೇ ಹೈಡ್ರಾಮ್ಯಾಟಿಕ್ ಗೇರು. ರಣರಂಗದಲ್ಲಿ ಪಾಸಾಗಿ ಬಂದ ಯಂತ್ರವೇ ಯುದ್ಧ ಮುಗಿದ ಮೇಲೆ ಸಾಹುಕಾರರ ಕಾರಿನೊಳಗೆ ಕೂತಿತು.

1945ರ ಅಕ್ಟೋಬರಿನಲ್ಲಿ ಕಾರಿನ ಕೆಲಸ ಮತ್ತೆ ಶುರುವಾಯಿತು. ಮೂರೂವರೆ ವರ್ಷ ಹೊಸ ಕಾರು ಕಾಣದ ಜನ ಸಾಲುಗಟ್ಟಿ ನಿಂತರು. ಹೊಸ ನಮೂನೆ ಬರೆಯೋದಕ್ಕೆ ಯಾರಿಗೂ ಪುರುಸೊತ್ತಿಲ್ಲ. 1942ರ ಅಚ್ಚನ್ನೇ ತಿದ್ದಿ ತೀಡಿ 1946 ಮತ್ತು 1947ರಲ್ಲಿ ಮಾರಿದರು. 1948ರಲ್ಲಿ ಹೊಸ ಮೈ ಬಂತು. ಪಿ-38 ಎಂಬ ಯುದ್ಧವಿಮಾನದ ಬಾಲ ನೋಡಿ ಕಾರಿನ ಹಿಂಭಾಗಕ್ಕೆ ಮೀನಿನ ರೆಕ್ಕೆಯಂಥ ಮೊನೆ ಇಟ್ಟರು. ಹೀಗಾಗಿ 1947ರದ್ದು ಹಳೇ ಗುಂಡುಗುಂಡು ಮೈಯ ಕೊನೇ ಕಾರು. ಆ ವರ್ಷ ಈ ಓಪನ್ ಮಾದರಿಯಲ್ಲಿ ತಯಾರಾದದ್ದು 6755 ಮಾತ್ರ. ಬೆಲೆ ಆಗ 3000 ಡಾಲರಿನ ಹತ್ತಿರ. ತುಕ್ಕಿಗೆ, ಅಪಘಾತಕ್ಕೆ, ಗುಜರಿಗೆ ಹೋದವನ್ನು ಕಳೆಯಿರಿ. ಉಳಿದವಕ್ಕೆ ಬೆಲೆ ಯಾಕೆ ಏರಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಹುಡ್ಡಿನೊಳಗಿನ ಗುಟ್ಟು

ಓಪನ್ ಕಾರೆಂದರೆ ಮಾಮೂಲಿ ಕಾರಿನ ತಲೆ ಕತ್ತರಿಸಿ ಕ್ಯಾನ್ವಾಸ್ ಹೊದಿಸಿದ್ದು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಅದು ಹಾಗಲ್ಲ. ನಮ್ಮ ಮನೆಯ ತೊಲೆ, ಪಕಾಸಿ ತೆಗೆದರೆ ಗೋಡೆ ಸಡಿಲವಾಗುವುದಿಲ್ಲವೇ? ಕಾರೂ ಹಾಗೇ. ಮೇಲಿನ ತಗಡೇ ಮೈಗೆ ಗಟ್ಟಿತನ ಕೊಡುವುದು. ಅದನ್ನು ತೆಗೆದರೆ ಗುಂಡಿ ರಸ್ತೆಯಲ್ಲಿ ಗಾಡಿ ನಡುವೆ ಜೋಲುತ್ತದೆ, ಬಾಗಿಲು ಹಾಕಿದರೆ ಕೂರುವುದಿಲ್ಲ. ಅದಕ್ಕೆ ಕಾರ್ಖಾನೆಯವರು ಓಪನ್ ಕಾರಿನ ಚಾಸಿಗೆ ನಡುವೆ ಇಂಟು ಗುರುತಿನ ಆಕಾರದಲ್ಲಿ ಹೆಚ್ಚಿನ ಉಕ್ಕಿನ ತೊಲೆ ಕೊಟ್ಟರು. ಹುಡ್ ಇಲ್ಲದ ಕಾರು ಹುಡ್ ಇರುವ ಕಾರಿಗಿಂತ ತೂಕ ಜಾಸ್ತಿ ಬರುವುದು ಈ ಕಾರಣಕ್ಕೆ.

ಹುಡ್ ಏರಿಸಿ ಇಳಿಸುವುದಕ್ಕೂ ಕೈ ಹಾಕಬೇಕಿಲ್ಲ. ಗುಂಡಿ ಒತ್ತಿದರೆ ಮೋಟಾರು ಓಡುತ್ತದೆ, ಮೋಟಾರು ಪಂಪು ತಿರುಗಿಸುತ್ತದೆ, ಪಂಪು ಎಣ್ಣೆ ತಳ್ಳುತ್ತದೆ, ಎಣ್ಣೆ ಹುಡ್ಡನ್ನು ಎತ್ತುತ್ತದೆ. ಜೆಸಿಬಿಯ ಕೈ ಏಳುವುದು ಹೇಗೋ ಇದೂ ಹಾಗೇ. ಕಿಟಕಿ ಗಾಜು, ಮುಂದಿನ ಸೀಟು ಕೂಡ ಅದೇ ಎಣ್ಣೆಯಲ್ಲಿ ಓಡಾಡುತ್ತವೆ. ತಮಾಷೆಯೆಂದರೆ ಆ ಕಾಲದಲ್ಲಿ ಇದಕ್ಕೆ ಹಾಕುತ್ತಿದ್ದದ್ದು ಬ್ರೇಕ್ ಎಣ್ಣೆ. ಬ್ರೇಕ್ ಎಣ್ಣೆ ಬಿದ್ದ ಕಡೆ ಬಣ್ಣ ಕಿತ್ತು ಬರುತ್ತದೆಂದು ನಮ್ಮ ಗ್ಯಾರೇಜಿನ ಹುಡುಗರಿಗೂ ಗೊತ್ತು. ವಯಸ್ಸಾದ ಪೈಪು ಸೋರಿತೆಂದರೆ ಬಾಗಿಲ ಒಳಗಿನ ತಗಡು, ಸೀಟಿನ ಚರ್ಮ, ಹೊರಗಿನ ಬಣ್ಣ ಮೂರೂ ಹಾಳು. ಸಂಗ್ರಾಹಕರು ಮೊದಲು ಮೂಸಿ ನೋಡುವುದೇ ಬಾಗಿಲ ಬುಡ.

ಇನ್ನು ಹುಡ್ಡಿನ ಬಟ್ಟೆ. ನಮ್ಮ ಹಿರಿಯರು ಗದ್ದೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ಕಂಬಳಿ ಕೊಪ್ಪೆಗೂ ಇದಕ್ಕೂ ತತ್ವ ಒಂದೇ: ನೀರು ಒಳಗೆ ಬರಬಾರದು, ಬಿಸಿಲು ಬಂದಾಗ ಮಡಚಿ ಇಡುವ ಹಾಗಿರಬೇಕು. ಬಟ್ಟೆಯನ್ನು ಮೊಳೆ ಹೊಡೆದು ಕೂರಿಸಲು ಒಳಗೆ ಮರದ ಪಟ್ಟಿ ಇರುತ್ತದೆ. ನೀರು ಇಳಿದು ಆ ಪಟ್ಟಿ ಲಡ್ಡಾದರೆ ಎಷ್ಟು ಚೆಂದದ ಬಟ್ಟೆ ಹೊದಿಸಿದರೂ ಒಂದೇ ಮಳೆಗೆ ಸೋರುತ್ತದೆ.

ನಮ್ಮ ಕಡೆಗೆ ಬಂದ ತಮ್ಮಂದಿರು

ಕ್ಯಾಡಿಲಾಕ್‌ನಂಥ ಗಾಡಿ ಆಗ ಹೆಚ್ಚಾಗಿ ರಾಜ ಮಹಾರಾಜರ ಪಾಲು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗೆ ಬಂದದ್ದು ಅದರ ತಮ್ಮಂದಿರು, ದಾಯಾದಿಗಳು: ಶವರ್ಲೆ, ಫೋರ್ಡ್, ಡಾಡ್ಜ್, ಪ್ಲಿಮತ್, ಡಿಸೋಟೊ, ಸ್ಟುಡಿಬೇಕರ್. ಬಿಡಿಭಾಗಗಳು ಹಡಗಿನಲ್ಲಿ ಬಂದು ನಮ್ಮ ದೇಶದಲ್ಲೇ ಜೋಡಣೆಯಾಗುತ್ತಿದ್ದವು. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆ ತೆರೆದಿತ್ತು. ಫೋರ್ಡ್ ಕೂಡ ಮುಂಬಯಿಯಲ್ಲಿ ಬೇರೂರಿತ್ತು. 1944ರಲ್ಲಿ ಶುರುವಾದ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊಗಳನ್ನು ಜೋಡಿಸಿದರು. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ ಸ್ಟುಡಿಬೇಕರ್ ಜೋಡಿಸಿತು.

ಕಾಫಿ ಎಸ್ಟೇಟಿನ ದೊರೆಗಳು, ಅಡಿಕೆ ಮಂಡಿಯ ಸಾಹುಕಾರರು, ಒಂದಿಷ್ಟು ಡಾಕ್ಟರು, ವಕೀಲರು ಕೊಂಡರು. ಕವಿಗಳೂ ಹಿಂದೆ ಬೀಳಲಿಲ್ಲ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಮನೆಯಲ್ಲೂ ಸ್ಟುಡಿಬೇಕರ್ ಇತ್ತು. ನೆಲದಿಂದ ಎತ್ತರವಾಗಿ ನಿಂತು, ಕೆಸರಿಗೆ ಹೆದರದೆ, ಎಂಟು ಹತ್ತು ಜನರನ್ನು ತುಂಬಿಕೊಂಡು ಘಾಟಿ ಹತ್ತುವ ಈ ಗಾಡಿಗಳು ನಮ್ಮ ರಸ್ತೆಗೆ ಹೇಳಿ ಮಾಡಿಸಿದ ಹಾಗಿದ್ದವು.

ಆಮೇಲೆ ಮೂರು ಪೆಟ್ಟು ಒಂದರ ಹಿಂದೆ ಒಂದು ಬಿದ್ದವು. ಮೊದಲನೆಯದು 1953ರದ್ದು. ಇಲ್ಲೇ ಭಾಗಗಳನ್ನು ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶ, ಬರೀ ಜೋಡಿಸಿ ಮಾರುವವರಿಗೆ ಇಲ್ಲ ಎಂದು ಸರ್ಕಾರ ತೀರ್ಮಾನಿಸಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಎರಡನೆಯದು ಬಿಡಿಭಾಗದ ಬರ. ಮೂರನೆಯದು 1973ರ ತೈಲ ಬಿಕ್ಕಟ್ಟು. ಲೀಟರಿಗೆ ಐದಾರು ಕಿಲೋಮೀಟರ್ ಓಡುವ ಗಾಡಿಗೆ ಪೆಟ್ರೋಲು ಹಾಕಿ ಬದುಕುವುದುಂಟೇ? ಮದುವೆ ಮನೆಗೆ ಹೋಗುತ್ತಿದ್ದ ಕಾರು ಬಾಡಿಗೆ ಟ್ಯಾಕ್ಸಿಯಾಯಿತು. ಟ್ಯಾಕ್ಸಿಯಾಗಿದ್ದು ಮೂಟೆ ಹೊರುವ ಗಾಡಿಯಾಯಿತು. ಕೊನೆಗೆ ಕೊಟ್ಟಿಗೆ ಸೇರಿತು.

ಕಳಚಿದ ಎಂಜಿನ್, ಕಳೆದ ಜಾತಕ

ಇಲ್ಲೇ ನೋಡಿ ಅಸಲು ವಿಷಯ ಇರುವುದು.

ಪೆಟ್ರೋಲಿನ ಹೊಡೆತ ತಾಳಲಾರದೆ ದೇಶದ ಎಷ್ಟೋ ಕಡೆ ಈ ಅಮೆರಿಕನ್ ಕಾರುಗಳ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಆಗಿನ ಮಟ್ಟಿಗೆ ಅದು ಬುದ್ಧಿವಂತರ ಕೆಲಸವೇ. ಗಾಡಿ ಇನ್ನೂ ಹತ್ತು ಹದಿನೈದು ವರ್ಷ ಅನ್ನ ಹಾಕಿತು, ಸಂಸಾರ ಸಾಕಿತು. ಅದನ್ನು ಮಾಡಿದ ಮೆಕ್ಯಾನಿಕ್‌ಗಳ ಕೈಗೆ ನಮಸ್ಕಾರ ಹೇಳಬೇಕು. ಆದರೆ ಇಳಿಸಿದ ಹಳೇ ಎಂಜಿನ್ ಏನಾಯಿತು? ಗುಜರಿಗೆ ಹೋಯಿತು. ಅದರ ಜೊತೆ ಗಾಡಿಯ ಜಾತಕವೂ ಹೋಯಿತು.

ಯಾಕೆ ಅಂದರೆ, 1947ರ ಕ್ಯಾಡಿಲಾಕ್‌ನಲ್ಲಿ ಎಂಜಿನ್ನಿಗೆ ಹೊಡೆದ ನಂಬರೇ ಗಾಡಿಯ ನಂಬರು. ಸೀರೀಸ್ 62ರ ಆ ವರ್ಷದ ನಂಬರುಗಳು 84ರಿಂದ ಶುರುವಾಗುತ್ತವೆ. ಅದೇ ನಂಬರು ಚಾಸಿಯ ಮೇಲೂ ಇರುತ್ತದೆ. ಎರಡೂ ತಾಳೆಯಾದರೆ ಗಾಡಿ ಹುಟ್ಟಿದಾಗ ಇದ್ದ ಎಂಜಿನ್ನೇ ಈಗಲೂ ಇದೆ ಅಂತ ಅರ್ಥ. ಬೇರೆ ಕಂಪನಿಗಳ ಗಾಡಿಗಳಲ್ಲಿ ಚಾಸಿಗೊಂದು, ಎಂಜಿನ್ನಿಗೊಂದು ಬೇರೆ ಬೇರೆ ನಂಬರು ಇರಬಹುದು. ಆದರೂ ಆರ್.ಸಿ. ಪುಸ್ತಕದಲ್ಲಿ ಎರಡೂ ಬರೆದಿರುತ್ತಾರೆ. ಪುಸ್ತಕದ ನಂಬರಿಗೂ ಗಾಡಿಯ ನಂಬರಿಗೂ ತಾಳೆಯಾದರೆ ಸಂಗ್ರಾಹಕನ ಕಣ್ಣು ಅರಳುತ್ತದೆ. ಆಗದಿದ್ದರೆ ಅವನು ಜೇಬಿನಿಂದ ಕೈ ಹೊರಗೆ ತೆಗೆಯುವುದಿಲ್ಲ.

ಸರಿಪಡಿಸುವುದು ಅಂದರೆ

ನಾಲ್ಕು ಡಬ್ಬ ಬಣ್ಣ ಹೊಡೆದು, ಸೀಟಿಗೆ ರೆಕ್ಸಿನ್ ಹಾಕಿ ರಿಸ್ಟೋರ್ ಮಾಡಿದ್ದೇವೆ ಅನ್ನೋರಿದ್ದಾರೆ. ನಿಜವಾದ ಕೆಲಸದ ದಾರಿ ಬೇರೆ. ಮೊದಲು ಗಾಡಿಯನ್ನು ಕಳಚಿ ಒಂದೊಂದು ನಟ್ಟು, ಒಂದೊಂದು ಬೋಲ್ಟನ್ನು ಗುರುತು ಹಾಕಿ ಎತ್ತಿಡಬೇಕು. ಫೋಟೋ ತೆಗೆದು ಇಡಬೇಕು. ಎರಡು ವರ್ಷ ಬಿಟ್ಟು ಜೋಡಿಸುವಾಗ ನೆನಪು ಕೈ ಕೊಡುತ್ತದೆ.

ಮೈಯನ್ನು ಚಾಸಿಯಿಂದ ಎತ್ತಿ ಬೇರೆ ಇಟ್ಟು ತುಕ್ಕು ಕೆರೆಯಬೇಕು. ನಮ್ಮ ಸೀಮೆಯ ಗಾಡಿಗಳಿಗೆ ತುಕ್ಕು ಹಿಡಿಯುವುದು ಮೇಲಿನಿಂದಲ್ಲ, ಕೆಳಗಿನಿಂದ. ಐದು ತಿಂಗಳು ಆರದ ಮಣ್ಣಿನ ನೆಲದ ಮೇಲೆ ನಿಂತ ಗಾಡಿಯ ತಳದ ತಗಡು ಹಪ್ಪಳದ ಹಾಗೆ ಮುರಿಯುತ್ತದೆ. ಅದನ್ನು ಕತ್ತರಿಸಿ ಅದೇ ದಪ್ಪದ ತಗಡು ಬಡಿದು ಬೆಸೆಯಬೇಕು. ಅಮೆರಿಕದ ಕಾರ್ಖಾನೆಗಳಲ್ಲಿ ಆಗ ತಗಡಿನ ಸಂದುಗಳಿಗೆ ಸೀಸ ಕರಗಿಸಿ ತುಂಬಿ ಉಜ್ಜುತ್ತಿದ್ದರು. ಈಗ ಪುಟ್ಟಿ ಮೆತ್ತುತ್ತಾರೆ. ಆಯಸ್ಕಾಂತ ಹಿಡಿದು ನೋಡಿ: ಪುಟ್ಟಿ ದಪ್ಪಗಿದ್ದ ಕಡೆ ಅದು ಹಿಡಿಯುವುದಿಲ್ಲ. ಗುಟ್ಟು ರಟ್ಟು!

ಕ್ರೋಮ್ ಕೆಲಸ ಇನ್ನೂ ನಾಜೂಕು. ಉಜ್ಜಿದ ಲೋಹದ ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಹಿಡಿಕೆ, ಲಾಂಛನ ಮುಂತಾದ ಸಣ್ಣ ಸಾಮಾನು ಸತುವಿನ ಎರಕದವು. ಅವು ಒಳಗಿನಿಂದಲೇ ಬೊಕ್ಕೆ ಎದ್ದು ಹಾಳಾಗಿರುತ್ತವೆ. ವೈರಿಂಗ್‌ಗೆ ಹಳೇ ಬಟ್ಟೆ ಸುತ್ತಿದ ತಂತಿ, ಅದೂ ಇಲಿ ಕಡಿದದ್ದು. ಬ್ಯಾಟರಿ ಈಗಿನ ಹಾಗೆ 12 ವೋಲ್ಟಿನದಲ್ಲ, 6 ವೋಲ್ಟಿನದು. ಗೊತ್ತಿಲ್ಲದ ಯಾರೋ 12 ವೋಲ್ಟು ಕೊಟ್ಟರೆ ಬಲ್ಬು, ಮೀಟರು ಎಲ್ಲ ಸುಟ್ಟು ಹೊಗೆ.

ಇಷ್ಟೆಲ್ಲ ಮಾಡಿಸಿದ ಖರ್ಚು ಕೆಲವು ಸಲ ಗಾಡಿಯ ಬೆಲೆಯನ್ನೇ ಮೀರುತ್ತದೆ. ಲಾಭದ ಆಸೆಗೆ ಈ ಕೆಲಸಕ್ಕೆ ಕೈ ಹಾಕಿದವರು ಕೈ ಸುಟ್ಟುಕೊಳ್ಳುತ್ತಾರೆ. ಪ್ರೀತಿಗೆ ಮಾಡಿದವರು ಖರ್ಚಿನ ಲೆಕ್ಕ ಇಡೋದಿಲ್ಲ, ಇಟ್ಟರೂ ಹೆಂಡತಿಗೆ ತೋರಿಸೋದಿಲ್ಲ.

ಮರದ ಕಾರೂ ಉಂಟು!

ಮಲೆನಾಡಿನವರು ತಿಳಿಯಲೇಬೇಕಾದ ಇನ್ನೊಂದು ಗಾಡಿ ಕ್ರೈಸ್ಲರ್ ಕಂಪನಿಯ ಟೌನ್ ಅಂಡ್ ಕಂಟ್ರಿ. 1946ರಿಂದ 1948ರವರೆಗೆ ಬಂದ ಇದರ ಓಪನ್ ಮಾದರಿಯಲ್ಲಿ ಬಾಗಿಲು, ಹಿಂಭಾಗ ಎಲ್ಲ ಮರದ್ದು. ಆ್ಯಶ್ ಎಂಬ ಬಿಳಿ ಮರದ ಚೌಕಟ್ಟು, ನಡುವೆ ಮಹಾಗನಿಯ ಹಲಗೆ. ಎಂಟು ಸಿಲಿಂಡರು ಸಾಲಾಗಿ ನಿಂತ ಎಂಜಿನ್ನು. ಆಗಲೇ ಕ್ಯಾಡಿಲಾಕ್‌ಗೆ ಸರಿಸಮ ಬೆಲೆ.

ಕೊಂಡವರಿಗೆ ಅದರ ಜೊತೆ ಒಂದು ಕೆಲಸವೂ ಬರುತ್ತಿತ್ತು. ಮರಕ್ಕೆ ಆಗಾಗ ವಾರ್ನಿಶ್ ಹಚ್ಚುತ್ತಲೇ ಇರಬೇಕು. ಹಚ್ಚದೆ ಬಿಟ್ಟರೆ ಸಂದಿನಲ್ಲಿ ನೀರು ಕೂತು ಮರ ಕಪ್ಪಾಗಿ ಕೊಳೆಯುತ್ತದೆ. ನಮ್ಮ ಮನೆಗಳ ಮುಂಬಾಗಿಲು, ಮರದ ಕಂಬಗಳಿಗೆ ಎಣ್ಣೆ ಹಚ್ಚಿ ಕಾಪಾಡಿದ ಅಜ್ಜಿಯರಿಗೆ ಈ ಮಾತು ಯಾರೂ ಕಲಿಸಬೇಕಾಗಿರಲಿಲ್ಲ. ಇವತ್ತು ಆ ಗಾಡಿಯ ಒಂದು ಬಾಗಿಲಿನ ಚೌಕಟ್ಟು ಮತ್ತೆ ಮಾಡಬೇಕೆಂದರೆ ಮೆಕ್ಯಾನಿಕ್ ಸಾಲದು, ಸಂದು ಕೂರಿಸುವುದು ಬಲ್ಲ ಒಳ್ಳೇ ಆಚಾರಿ ಬೇಕು.

ಮೋಸಗಾರರಿದ್ದಾರೆ, ಎಚ್ಚರ!

ಬೆಲೆ ಏರಿದ ಕಡೆ ಕಳ್ಳಕೈ ಬರುವುದು ಲೋಕದ ರೂಢಿ. ಎರಡು ಬಾಗಿಲ ಮಾಮೂಲಿ ಕಾರು ಕಡಿಮೆಗೆ ಸಿಗುತ್ತದೆ, ಓಪನ್ ಕಾರು ದುಬಾರಿ. ಹಾಗಾದರೆ ತಲೆ ಕತ್ತರಿಸಿದರಾಯಿತು ಅಂತ ಗರಗಸ ಹಿಡಿಯುವವರಿದ್ದಾರೆ. ಹುಡ್ ಹೊದಿಸಿ, ಬಣ್ಣ ಬಳಿದು, ಅಸಲಿ ಅಂತ ಮಾರುತ್ತಾರೆ.

ಕಂಡುಹಿಡಿಯುವುದು ಹೇಗೆ? ಕಾರಿನ ಕೆಳಗೆ ಮಲಗಿ ನೋಡಿ, ಇಂಟು ಗುರುತಿನ ಗಟ್ಟಿ ತೊಲೆ ಕಾರ್ಖಾನೆಯದ್ದೇ ಎಂಬುದು ಬೆಸುಗೆಯಲ್ಲಿ ಗೊತ್ತಾಗುತ್ತದೆ. ಬಾನೆಟ್ ಎತ್ತಿದರೆ ಎಂಜಿನ್ನಿಗೂ ಡ್ರೈವರಿಗೂ ನಡುವಿನ ಗೋಡೆಯಂಥ ತಗಡಿನ ಮೇಲೆ ಮೈ ಮಾಡಿದವರ ಸಣ್ಣ ಫಲಕ ಇರುತ್ತದೆ. 1947ರ ಅಸಲಿ ಕ್ಯಾಡಿಲಾಕ್ ಓಪನ್ ಕಾರಾದರೆ ಅದರಲ್ಲಿ 6267 ಎಂಬ ಮಾದರಿ ಸಂಖ್ಯೆ ಇರಬೇಕು. ಬೇರೆ ಸಂಖ್ಯೆ ಇದ್ದರೆ ಗಾಡಿ ಹುಟ್ಟುವಾಗ ತಲೆ ಇತ್ತು, ಯಾರೋ ಆಮೇಲೆ ಕತ್ತರಿಸಿದ್ದಾರೆ ಅಂತ ಲೆಕ್ಕ. ಫಲಕವೇ ಇಲ್ಲ ಅಂದರೆ ಇನ್ನೂ ಹುಷಾರು.

ನಮ್ಮವರಿಗೂ ಒಂದು ಮಾತು ಹೇಳಿಬಿಡಬೇಕು. ಹಳೇದೆಲ್ಲ ಬಂಗಾರವಲ್ಲ. ಕೊಟ್ಟಿಗೆಯಲ್ಲಿರುವ ನಾಲ್ಕು ಬಾಗಿಲ ಪ್ಲಿಮತ್ತಿಗೆ ಕ್ಯಾಡಿಲಾಕ್ ಓಪನ್ ಕಾರಿನ ಬೆಲೆ ಬರುವುದಿಲ್ಲ. ಹೀಗೆ ನಂಬಿಸಿ ಮುಂಗಡ ಕಮಿಷನ್ ಕೇಳುವ ದಲ್ಲಾಳಿ ಬಂದರೆ ಚಾ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ. ಹಾಗಂತ ಅದರ ಬೆಲೆ ಗುಜರಿಯ ಕಿಲೋ ದರವೂ ಅಲ್ಲ. ಅದರ ಮೀಟರು, ದೀಪ, ಹಿಡಿಕೆ, ಜಾಲರಿ ಹುಡುಕಿಕೊಂಡು ಅಲೆಯುವವರಿದ್ದಾರೆ.

ಕಾನೂನು ಏನನ್ನುತ್ತದೆ?

ಬಹಳ ವರ್ಷ ಹಳೇ ಗಾಡಿಗೆ ಬೇರೆ ಕಾನೂನೇ ಇರಲಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆಗೆ ಓಡದ ಎರಡು ಚಕ್ರದ, ನಾಲ್ಕು ಚಕ್ರದ ಗಾಡಿಗಳು ಇದರಡಿ ಬರುತ್ತವೆ. ಹೊಸ ನೋಂದಣಿಗೆ 20000 ರೂಪಾಯಿ ಶುಲ್ಕ, 10 ವರ್ಷಕ್ಕೆ ಊರ್ಜಿತ. ಆಮೇಲೆ ಮತ್ತೆ ನೋಂದಾಯಿಸಲು 5000 ರೂಪಾಯಿ. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರದ ಮುಂದೆ 'ವಿಎ' ಎಂಬ ಗುರುತು. ಮೊದಲೇ ನೋಂದಣಿ ಇರುವ ಗಾಡಿಗೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಅಜ್ಜನ ಕಾಲದ, 'ಎಂವೈ'ಯಿಂದ ಶುರುವಾಗುವ ಮೈಸೂರು ರಾಜ್ಯದ ನಂಬರು ಇದ್ದವರು ಅದನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು.

ಈ ಗಾಡಿಯಲ್ಲಿ ದಿನಾ ಕೊಪ್ಪ ಪೇಟೆಗೆ ಹೋಗಿ ತರಕಾರಿ ತರೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು.

ನಿಯಮದ ಇನ್ನೊಂದು ಸಾಲು ನಮ್ಮವರ ಎದೆಗೆ ನಾಟಬೇಕಾದದ್ದು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನ್ನು ದೊಡ್ಡದಾಗಿ ಬದಲಾಗಿರಬಾರದು. ಅಂದರೆ ಹೊಟ್ಟೆಪಾಡಿಗೆ ಡೀಸೆಲ್ ಎಂಜಿನ್ ಕೂರಿಸಿದ, ಡಿಕ್ಕಿ ಕತ್ತರಿಸಿ ಮೂಟೆ ತುಂಬಿದ ಗಾಡಿ ಈ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅರಮನೆಯಲ್ಲಿ ಸುಖವಾಗಿ ನಿಂತ ಕಾರಿಗೆ ಮರ್ಯಾದೆ, ಮಲೆನಾಡಿನ ಘಾಟಿಯಲ್ಲಿ ದುಡಿದು ಸವೆದ ಕಾರಿಗೆ ಬಾಗಿಲು ಬಂದ್! ದುಡಿದದ್ದೇ ತಪ್ಪಾಯಿತೇ ಅಂತ ಕೇಳಬೇಕಾಗುತ್ತದೆ. ಐವತ್ತು ವರ್ಷದ ಹಿಂದೆ ಡೀಸೆಲ್‌ಗೆ ಬದಲಾಗಿ ಹಾಗೇ ಓಡಿದ ಗಾಡಿಯೂ ಈ ದೇಶದ ಚರಿತ್ರೆಯೇ. ಅದಕ್ಕೂ ಒಂದು ಸಾಲು ನಿಯಮದಲ್ಲಿ ಬೇಕು ಎಂಬುದು ಈ ಅಂಕಣದ ಒತ್ತಾಯ.

ಕೈ ಬೇಕು, ಕೈ!

ಕಾರು ಸಿಕ್ಕಿತು, ಕಾಗದವೂ ಇದೆ ಅಂತಿಟ್ಟುಕೊಳ್ಳಿ. ಕೆಲಸ ಮಾಡೋರು ಯಾರು? ಕಂಪ್ಯೂಟರ್ ಚುಚ್ಚಿ ದೋಷ ಹೇಳುವ ಇವತ್ತಿನ ಹುಡುಗರಿಗೆ ಕಾರ್ಬುರೇಟರ್ ಬಿಚ್ಚಿ ಊದಿ ಗೊತ್ತಿಲ್ಲ, ಅದು ಅವರ ತಪ್ಪಲ್ಲ. ಸುತ್ತಿಗೆಯ ಸದ್ದು ಕೇಳಿ ತಗಡು ಎಲ್ಲಿ ಹಿಗ್ಗಿದೆ ಅಂತ ಹೇಳುವ ಟಿಂಕರ್, ಗ್ಯಾಸ್ಕೆಟ್ ಸಿಗದಿದ್ದರೆ ತಾನೇ ಕತ್ತರಿಸಿ ಕೂರಿಸುವ ಮೆಕ್ಯಾನಿಕ್, ಕುದುರೆ ಲಾಳವನ್ನೂ ಕಾರಿನ ಪಟ್ಟಾವನ್ನೂ ಒಂದೇ ಕುಲುಮೆಯಲ್ಲಿ ಹದ ಮಾಡಿದ ಕಮ್ಮಾರ: ಈ ತಲೆಮಾರು ಮುಗಿಯುತ್ತಾ ಬಂತು.

ನಮ್ಮ ಕಡೆ ಇದಕ್ಕೊಂದು ಕಣ್ಣೆದುರಿನ ಉದಾಹರಣೆ ಉಂಟು. ಶಂಕರ್ ಟ್ರಾನ್ಸ್‌ಪೋರ್ಟ್ ನಿಂತುಹೋದಾಗ ಅದರ ಕಾರ್ಮಿಕರೇ ಒಗ್ಗೂಡಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಬಸ್ಸನ್ನು ಓಡಿಸಿದವರೂ ಅವರೇ, ರಿಪೇರಿ ಮಾಡಿಸಿ ನಡೆಸಿದವರೂ ಅವರೇ. 2020ರಲ್ಲಿ ಅದು ನಿಂತಿತು. ಬಸ್ಸು ನಿಂತದ್ದು ಎಲ್ಲರಿಗೂ ಕಂಡಿತು. ಅದರ ಜೊತೆ ಗ್ಯಾರೇಜಿನ ಕೈಗಳೂ ಮನೆಗೆ ಹೋದದ್ದನ್ನು ಯಾರೂ ಲೆಕ್ಕ ಹಿಡಿಯಲಿಲ್ಲ. ಅಂಥ ಕೈಗಳಿಂದ ಹತ್ತು ಹುಡುಗರಿಗೆ ತಗಡು ಬಡಿಯುವುದು, ಕಾರ್ಬುರೇಟರ್ ಕೂರಿಸುವುದು ಕಲಿಸುವ ಏರ್ಪಾಡು ಒಂದು ಐಟಿಐನಲ್ಲಿ ಆದರೂ ಸಾಕು. ಹಳೇ ಕಾರು ಸರಿಪಡಿಸುವವರಿಗೆ ಬೆಂಗಳೂರು, ಮುಂಬಯಿಯಲ್ಲಿ ಕೆಲಸಕ್ಕೆ ಬರವಿಲ್ಲ.

ಕಣ್ಣಾರೆ ನೋಡಬೇಕೆನ್ನುವವರು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಶೃಂಗೇರಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ ದಾಟಿ ಘಾಟಿ ಇಳಿದರೆ ಧರ್ಮಸ್ಥಳ. ಅಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೇ ಕಾರುಗಳ ಸಂಗ್ರಹವಿದೆ. ಅವರದೇ ಆಸಕ್ತಿಯಿಂದ ಬೆಂಗಳೂರು–ಮೈಸೂರು ಹೆದ್ದಾರಿ ಪಕ್ಕ 'ಪಯಣ' ಎಂಬ ಕಾರು ಸಂಗ್ರಹಾಲಯವೂ ಆಗಿದೆ. ದೇವರ ದರ್ಶನ ಮುಗಿಸಿ ಒಂದು ಗಂಟೆ ಅಲ್ಲಿ ನಿಲ್ಲಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹಾಗಾದರೆ ಈಗ ಏನು ಮಾಡೋದು?

ಕೊಟ್ಟಿಗೆಯಲ್ಲಿ ಹಳೇ ಗಾಡಿ ಇದ್ದವರು ಮೊದಲು ಅದನ್ನು ಸ್ಟಾರ್ಟ್ ಮಾಡಲು ಹೋಗಬೇಡಿ. ಇಪ್ಪತ್ತು ವರ್ಷ ನಿಂತ ಎಂಜಿನ್ನಿನಲ್ಲಿ ರಿಂಗು ಕಚ್ಚಿರುತ್ತದೆ, ಬಲವಂತವಾಗಿ ತಿರುಗಿಸಿದರೆ ಮುರಿಯುತ್ತದೆ. ಪ್ಲಗ್ ಬಿಚ್ಚಿ ನಾಲ್ಕು ಹನಿ ಎಣ್ಣೆ ಬಿಟ್ಟು ವಾರಗಟ್ಟಲೆ ಕಾಯಿರಿ. ಚಕ್ರದ ಕೆಳಗೆ ಕಲ್ಲು ಕೊಟ್ಟು ನೆಲದಿಂದ ಎತ್ತಿ. ಮೇಲೆ ಟರ್ಪಾಲು ಬಿಗಿಯಾಗಿ ಕಟ್ಟಬೇಡಿ, ಒಳಗೆ ಬೆವರು ಕೂತು ತುಕ್ಕು ಜಾಸ್ತಿಯಾಗುತ್ತದೆ. ಗಾಳಿ ಆಡಲಿ.

ಬಾಗಿಲ ಕಂಬ, ಬಾನೆಟ್ಟಿನ ಒಳಗೋಡೆ, ಎಂಜಿನ್ನಿನ ಪಕ್ಕೆ ಒರೆಸಿ ನೋಡಿ, ಕಂಡ ನಂಬರು ಫಲಕಗಳ ಫೋಟೋ ತೆಗೆದಿಡಿ. ಹಿಂದೆ ಯಾವಾಗಲೋ ಎಂಜಿನ್ ಇಳಿಸಿದ್ದರೆ ಹಳೆಯದು ಎಲ್ಲಿ ಹೋಯಿತೆಂದು ಮನೆಯ ಹಿರಿಯರನ್ನು ಕೇಳಿ. ಹಳೇ ಪಂಪುಸೆಟ್ಟಿನ ಪಕ್ಕ ಇನ್ನೂ ಬಿದ್ದಿದ್ದರೂ ಬಿದ್ದಿರಬಹುದು.

ಎಲ್ಲಕ್ಕಿಂತ ಮುಂಚೆ ಆರ್.ಸಿ. ಪುಸ್ತಕ ಹುಡುಕಿ. ಜಮೀನಿನ ಪತ್ರ, ಅಜ್ಜನ ಜಾತಕ ಇಟ್ಟ ಪೆಟ್ಟಿಗೆಯಲ್ಲೇ ಅದೂ ಇರುತ್ತದೆ. ಸಿಕ್ಕರೆ ಬಿಸಿಲಿಗೆ ಒಣಗಿಸಿ, ಪ್ರತಿ ಮಾಡಿಸಿ, ಭದ್ರವಾಗಿಡಿ. ಗುಜರಿಯವನು ತಕ್ಕಡಿ ಹಿಡಿದು ಬಂದರೆ ಜಗಳ ಬೇಡ. ಮಳೆ ಬಿಟ್ಟ ಮೇಲೆ ಬಾ ಅಂತ ಹೇಳಿ ಕಳಿಸಿ. ನಮ್ಮ ಸೀಮೆಯಲ್ಲಿ ಮಳೆ ಬಿಡುವುದು ಯಾವಾಗ ಅಂತ ಅವನಿಗೂ ಗೊತ್ತು.